ಕೈಗಳ ನುಡಿಯನ್ನು ಕೇಳದೆ ಹೋದ ನೂರು ವರ್ಷಗಳು



ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಒಂದು ನಾಮಕರಣದ ಪ್ರಸಂಗವಿದೆ. ಪ್ರತಿವರ್ಷ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನೋತ್ಸವದ ದಿನ, ಅದನ್ನು ನಾವು ದೇವಾಲಯದಲ್ಲಿ ಕೇಳುತ್ತೇವೆ. ಮಗು ಹುಟ್ಟಿ ಎಂಟು ದಿನಗಳಾಗಿವೆ. ನೆರೆಹೊರೆಯವರೂ ಬಂಧುಗಳೂ ಸೇರಿದ್ದಾರೆ. ತಂದೆ ಜೆಕರೀಯನಿಗೆ ಮಾತು ನಿಂತುಹೋಗಿದೆ. ಸೇರಿದವರು ಅವನನ್ನು ಒಂದು ಮಾತೂ ಕೇಳದೆ, ಮಗುವಿಗೆ ತಂದೆಯ ಹೆಸರನ್ನೇ ಇಡಲು ನಿಶ್ಚಯಿಸಿಬಿಟ್ಟಿದ್ದಾರೆ. ತಾಯಿ ಎಲಿಜಬೇತಳು ಬೇಡವೆಂದು ತಡೆದಾಗಲೇ ಅವರಿಗೆ ಆ ಮನೆಯಲ್ಲಿ ಯಜಮಾನನೊಬ್ಬನಿದ್ದಾನೆಂಬ ನೆನಪಾಗುತ್ತದೆ. ಆಗ ಅವನಿಗೆ ಸನ್ನೆ ಮಾಡಿ ಕೇಳುತ್ತಾರೆ. ಸನ್ನೆ ಮಾಡಬೇಕಾಯಿತೆಂದರೆ ಅವನಿಗೆ ಕಿವಿಯೂ ಕೇಳಿಸುತ್ತಿರಲಿಲ್ಲವೆಂದು ಅನೇಕ ವ್ಯಾಖ್ಯಾನಕಾರರು ಊಹಿಸಿದ್ದಾರೆ. ಅವನು ಹಲಗೆ ತರಿಸಿಕೊಂಡು ಬರೆಯುತ್ತಾನೆ. ಎಲ್ಲರಿಗೂ ಆಶ್ಚರ್ಯ.

ಈ ಪ್ರಸಂಗದ ದೈವಿಕ ಅರ್ಥವನ್ನು ಗುರುಗಳು ನಿಮಗೆ ಪ್ರಬೋಧನೆಗಳಲ್ಲಿ ವಿವರಿಸಿದ್ದಾರೆ. ನಾನು ನಿಮ್ಮ ಗಮನವನ್ನು ಸೆಳೆಯಬಯಸುವುದು ಅದರೊಳಗಿನ ಒಂದು ಸಣ್ಣ ಲೌಕಿಕ ಸಂಗತಿಯತ್ತ. ಆ ಬಂಧುಗಳು ದುಷ್ಟರಲ್ಲ. ಸಂತೋಷದಿಂದ ಹರಸಲು ಬಂದವರೇ. ಆದರೂ ಮಾತು ಬಾರದವನ ವಿಷಯವನ್ನು ಅವನನ್ನು ಬಿಟ್ಟು ತಾವೇ ತೀರ್ಮಾನಿಸುವುದು ಅವರಿಗೆ ಸಹಜವಾಗಿ ತೋರಿತು. ಇದೇ ಸಹಜತೆ 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಒಂದು ದೊಡ್ಡ ಸಭೆಯ ರೂಪ ತಾಳಿತು. ಅದರ ಪರಿಣಾಮವನ್ನು ಜಗತ್ತಿನ ಕಿವುಡ ಮಕ್ಕಳು ಸುಮಾರು ನೂರು ವರ್ಷಗಳ ಕಾಲ ಅನುಭವಿಸಿದರು. ಆ ಸಭೆಯ ಅಧ್ಯಕ್ಷರು ಒಬ್ಬ ಕಥೋಲಿಕ ಗುರುಗಳು. ಅವರು ಅಲ್ಲಗಳೆದ ದಾರಿಯನ್ನು ಅವರಿಗಿಂತ ನೂರಿಪ್ಪತ್ತು ವರ್ಷ ಮೊದಲು ತೆರೆದವರು ಮತ್ತೊಬ್ಬ ಕಥೋಲಿಕ ಗುರುಗಳು. ಆದ್ದರಿಂದ ಈ ಚರಿತ್ರೆ ನಮ್ಮದೇ ಮನೆಯ ಚರಿತ್ರೆ.

ಮುಂದುವರಿಯುವ ಮುನ್ನ ಪದಗಳ ಬಗ್ಗೆ ಒಂದು ಮಾತು. ಸರ್ಕಾರಿ ಕಡತಗಳಲ್ಲಿ 'ವಿಕಲಚೇತನ' ಎಂಬ ಪದ ಬಳಕೆಯಲ್ಲಿದೆ. ಮರ್ಯಾದೆಯ ಉದ್ದೇಶದಿಂದಲೇ ಬಂದಿರಬಹುದು. ಆದರೆ ಕಿವಿಗೋ ಕಾಲಿಗೋ ಬಂದ ಕೊರತೆಯನ್ನು ಚೇತನಕ್ಕೆ ಅಂಟಿಸುವುದು ನನಗೆ ಸರಿಯೆನಿಸುವುದಿಲ್ಲ. 'ಕಿವುಡ' ಎಂಬುದು ನೇರವಾದ ಹಳೆಯ ಕನ್ನಡ ಪದ. ಅದನ್ನು ಬೈಗುಳವಾಗಿ ಬಳಸಿದ್ದು ನಾವು, ಪದದ ತಪ್ಪಲ್ಲ. ಈ ಲೇಖನದಲ್ಲಿ ಅದನ್ನು ಗೌರವದಿಂದಲೇ ಬಳಸುತ್ತೇನೆ. 'ಮೂಗ' ಎಂಬುದನ್ನು ಮಾತ್ರ ಬಿಟ್ಟುಬಿಡುತ್ತೇನೆ, ಏಕೆಂದರೆ ಅದು ಸುಳ್ಳು. ಕಿವುಡರಿಗೆ ಭಾಷೆಯಿದೆ. ಅದು ನಮ್ಮ ಕಿವಿಗೆ ಬೀಳುವುದಿಲ್ಲ, ಅಷ್ಟೇ.

ಪ್ರಾಚೀನ ಜಗತ್ತು ಮಾತನ್ನೂ ಬುದ್ಧಿಯನ್ನೂ ಒಂದೇ ಎಂದು ಭಾವಿಸಿತ್ತು. ನಂಬಿಕೆಯು ಕೇಳುವುದರಿಂದ ಬರುತ್ತದೆಂಬ ಸಂತ ಪೌಲರ ಮಾತನ್ನು ಅಕ್ಷರಶಃ ಹಿಡಿದವರು, ಕೇಳಲಾರದವನಿಗೆ ನಂಬಿಕೆಯೂ ದಕ್ಕದೆಂದು ತರ್ಕಿಸಿದರು. ಸಂತ ಅಗಸ್ಟಿನರ ಒಂದು ವಾಕ್ಯವನ್ನು ಇದಕ್ಕೆ ಆಧಾರವಾಗಿ ಶತಮಾನಗಳ ಕಾಲ ಎತ್ತಿ ತೋರಿಸಲಾಯಿತು. ಆದರೆ ಅದೇ ಅಗಸ್ಟಿನರು ತಮ್ಮ ಮಗ ಅದೆಯೋದಾತನೊಂದಿಗಿನ ಸಂಭಾಷಣೆಯ ರೂಪದಲ್ಲಿ ಬರೆದ 'ಗುರುವನ್ನು ಕುರಿತು' ಎಂಬ ಗ್ರಂಥದಲ್ಲಿ, ಕಿವುಡರು ಸನ್ನೆಗಳಿಂದ ಪ್ರಶ್ನಿಸುವುದನ್ನೂ ಉತ್ತರಿಸುವುದನ್ನೂ ನೋಡಿಲ್ಲವೇ ಎಂದು ಮಗನನ್ನು ಕೇಳುತ್ತಾರೆ. ಈ ಭಾಗವನ್ನು ಯಾರೂ ಎತ್ತಿ ತೋರಿಸಲಿಲ್ಲ.

ಹದಿನಾರನೆಯ ಶತಮಾನದ ಸ್ಪೇನಿನಲ್ಲಿ, ಓನ್ಯ ಎಂಬ ಊರಿನ ಬೆನೆಡಿಕ್ಟಿನ್ ಮಠದಲ್ಲಿದ್ದ ಪೆದ್ರೋ ಪೋನ್ಸೆ ದ ಲೆಯೋನ್ ಎಂಬ ಸನ್ಯಾಸಿ ಶ್ರೀಮಂತ ವೆಲಾಸ್ಕೊ ಮನೆತನದ ಕಿವುಡ ಮಕ್ಕಳಿಗೆ ಓದು, ಬರಹ, ಮಾತು ಕಲಿಸಿದರು. ಮೌನವ್ರತದ ವೇಳೆಯಲ್ಲಿ ಸನ್ಯಾಸಿಗಳು ತಮ್ಮತಮ್ಮಲ್ಲೇ ಬಳಸುತ್ತಿದ್ದ ಕೈಸನ್ನೆಗಳ ಅಭ್ಯಾಸ ಅವರ ನೆರವಿಗೆ ಬಂದಿರಬೇಕು. ಆದರೆ ಈ ವಿದ್ಯೆ ಸಿರಿವಂತರ ಮನೆಗಳಿಗಷ್ಟೇ ಸೀಮಿತವಾಗಿತ್ತು. 1584ರಲ್ಲಿ ಪೋನ್ಸೆ ತೀರಿಕೊಂಡ ಮೇಲೆ ಇತರರು ಅದನ್ನು ಮುಂದುವರಿಸಿದರೂ, ಬಡ ಕಿವುಡನ ಬಾಗಿಲಿಗೆ ಅದು ತಲುಪಲು ಇನ್ನೂ ಇನ್ನೂರು ವರ್ಷ ಕಾಯಬೇಕಾಯಿತು.

ಆ ಬಾಗಿಲು ಪ್ಯಾರಿಸ್ ನಗರದ ಒಂದು ಸಾಮಾನ್ಯ ಮನೆಯದು. ಕಾಲ 1760ರ ಆಸುಪಾಸು. ಷಾರ್ಲ್-ಮಿಷೆಲ್ ದ ಲೆಪೇ ಎಂಬ ಗುರುಗಳು ಯಾವುದೋ ಕೆಲಸಕ್ಕಾಗಿ ಆ ಮನೆಗೆ ಹೋದರು. 1712ರಲ್ಲಿ ವರ್ಸಾಯ್‌ನಲ್ಲಿ ಹುಟ್ಟಿದ ಅವರು ಆಗ ಐವತ್ತರ ಹತ್ತಿರವಿದ್ದರು. ಅಂದಿನ ಫ್ರಾನ್ಸಿನ ಧಾರ್ಮಿಕ ವಿವಾದಗಳಲ್ಲಿ ಜಾನ್ಸೆನ್ ಪಂಥದ ಕಡೆಗೆ ಒಲವುಳ್ಳವರೆಂಬ ಶಂಕೆಗೆ ಒಳಗಾಗಿ ಅವರಿಗೆ ಯಾವ ಧರ್ಮಕೇಂದ್ರದ ಹೊಣೆಯೂ ದೊರೆತಿರಲಿಲ್ಲ. ಮನೆಯಲ್ಲಿ ಇಬ್ಬರು ಸಹೋದರಿಯರು ಹೊಲಿಗೆ ಮಾಡುತ್ತ ಕುಳಿತಿದ್ದರು. ಗುರುಗಳು ಮಾತನಾಡಿಸಿದರೆ ಉತ್ತರವಿಲ್ಲ, ತಲೆಯನ್ನೂ ಎತ್ತಲಿಲ್ಲ. ತಾಯಿ ಬಂದು, ಇಬ್ಬರೂ ಕಿವುಡರೆಂದೂ, ವಾನೆಂ ಎಂಬ ಗುರುಗಳು ಚಿತ್ರಗಳನ್ನು ತೋರಿಸಿ ಧರ್ಮೋಪದೇಶ ಕಲಿಸುತ್ತಿದ್ದರೆಂದೂ, ಅವರು ತೀರಿಕೊಂಡ ಮೇಲೆ ಕಲಿಸುವವರಿಲ್ಲವೆಂದೂ ತಿಳಿಸಿದಳು.

ಲೆಪೇ ಆ ಕೆಲಸವನ್ನು ವಹಿಸಿಕೊಂಡರು. ಈ ಹೆಣ್ಣುಮಕ್ಕಳು ದೇವರನ್ನರಿಯದೆ ಬದುಕಿ ಸಾಯಬಾರದೆಂಬುದಷ್ಟೇ ಅವರ ಚಿಂತೆಯಾಗಿತ್ತು. ಆದರೆ ಕಲಿಸಲು ಕುಳಿತಾಗ ಅವರು ಮಾಡಿದ ಕೆಲಸ ಅಸಾಧಾರಣವಾದುದು. ಆ ಸಹೋದರಿಯರು ತಮ್ಮ ನಡುವೆ ಬಳಸುತ್ತಿದ್ದ ಸನ್ನೆಗಳನ್ನು ಅವರು ಮೊದಲು ತಾವು ಕಲಿತರು. ಗುರು ಶಿಷ್ಯರ ಬಳಿ ಪಾಠಕ್ಕೆ ಕುಳಿತರು. ಕಿವಿಯ ಮೂಲಕ ನಮ್ಮ ಮನಸ್ಸಿಗೆ ಬರುವುದು ಅವರ ಮನಸ್ಸಿಗೆ ಕಣ್ಣಿನ ಮೂಲಕ ಏಕೆ ಬರಬಾರದು ಎಂಬುದು ಅವರ ಸರಳ ವಿಚಾರ. ತಮ್ಮ ಮನೆಯಲ್ಲೇ ಶಾಲೆ ತೆರೆದರು. ಶುಲ್ಕವಿಲ್ಲ, ಬಡವರ ಮಕ್ಕಳೂ ಬಂದರು. ಖರ್ಚು ಅವರ ಪಿತ್ರಾರ್ಜಿತ ಆಸ್ತಿಯಿಂದ. 1777ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫ್ ಆ ಶಾಲೆಯನ್ನು ಕಣ್ಣಾರೆ ಕಂಡು, ಈ ವಿದ್ಯೆಯನ್ನು ಕಲಿತು ಬರಲು ಒಬ್ಬ ಗುರುಗಳನ್ನು ಕಳುಹಿಸಿದನು. 1779ರಲ್ಲಿ ವಿಯೆನ್ನಾದಲ್ಲೂ ಶಾಲೆ ಆರಂಭವಾಯಿತು.

ಲೆಪೇ ಅವರನ್ನು ಬರಿದೆ ಹೊಗಳಿದರೆ ಚರಿತ್ರೆಗೆ ಅನ್ಯಾಯವಾದೀತು. ಸನ್ನೆಗಳನ್ನು ಕಲಿತ ಮೇಲೆ ಅವರಿಗೆ ಅವು ಅಪೂರ್ಣವೆನಿಸಿದವು. ಫ್ರೆಂಚ್ ವ್ಯಾಕರಣದ ಲಿಂಗ, ಕಾಲ, ಪ್ರತ್ಯಯಗಳಿಗೆಲ್ಲ ಹೊಸ ಸನ್ನೆಗಳನ್ನು ತಾವೇ ನಿರ್ಮಿಸಿದರು. ಕನ್ನಡದ ಪದಗಳನ್ನೆಲ್ಲ ಲತೀನಿನ ಕ್ರಮದಲ್ಲಿ ಜೋಡಿಸಿ ಮಾತನಾಡಿ ಎಂದು ನಿಮಗೆ ಯಾರಾದರೂ ಹೇಳಿದರೆ ಹೇಗಿದ್ದೀತು? ಮಕ್ಕಳು ತರಗತಿಯಲ್ಲಿ ಅದನ್ನು ಒಪ್ಪಿಸಿ, ಹೊರಗೆ ಬಂದು ತಮ್ಮ ಸ್ವಂತ ಸನ್ನೆಗಳಲ್ಲೇ ಮಾತನಾಡಿಕೊಳ್ಳುತ್ತಿದ್ದರು. ಇದೇ ಸಮಯದಲ್ಲಿ ಪ್ಯಾರಿಸ್ಸಿನ ಪಿಯೆರ್ ದೆಲೋಜ್ ಎಂಬ ಪುಸ್ತಕ ಕಟ್ಟುವ ಕೆಲಸಗಾರ 1779ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಬಾಲ್ಯದಲ್ಲಿ ಸಿಡುಬು ತಗುಲಿ ಕಿವುಡನಾದವನು ಅವನು. ಸನ್ನೆಗಳು ಕೀಳೆಂದು ಬರೆದಿದ್ದ ದೆಷಾಂ ಎಂಬ ಗುರುಗಳಿಗೆ ಅದು ಉತ್ತರ. ಪ್ಯಾರಿಸ್ಸಿನ ಕಿವುಡ ಕೂಲಿಕಾರರು ಯಾವ ಶಾಲೆಯ ಹಂಗೂ ಇಲ್ಲದೆ, ಲೋಕದ ಎಲ್ಲ ವಿಷಯಗಳನ್ನೂ ಸನ್ನೆಯಲ್ಲಿ ಚರ್ಚಿಸುತ್ತಾರೆಂದು ಅವನು ತೋರಿಸಿಕೊಟ್ಟನು. ಕಿವುಡನೊಬ್ಬ ತನ್ನವರ ಭಾಷೆಯನ್ನು ಸಮರ್ಥಿಸಿ ಅಚ್ಚುಹಾಕಿಸಿದ ಮೊದಲ ಪುಸ್ತಕವದು. ಅವನ ಬೆಂಬಲ ಲೆಪೇ ಅವರ ಕಡೆಗಿತ್ತು.

1789ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ನಡುವೆ, ಲೆಪೇ ನಿಧನರಾದರು. ಶಾಲೆಯನ್ನು ರಾಷ್ಟ್ರವೇ ವಹಿಸಿಕೊಂಡಿತು. ಅಲ್ಲಿಗೆ 1797ರಲ್ಲಿ ಹನ್ನೆರಡರ ಹರೆಯದ ಲೊರಾಂ ಕ್ಲೇರ್ ಎಂಬ ಹುಡುಗ ಬಂದು ಸೇರಿದನು. ಎಳೆಗೂಸಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆಯ ಮೇಲೆ ಕಲೆ ಉಳಿದಿತ್ತು. ಎರಡು ಬೆರಳುಗಳಿಂದ ಕೆನ್ನೆ ಸವರುವುದು ಸನ್ನೆಭಾಷೆಯಲ್ಲಿ ಅವನ ಹೆಸರಾಯಿತು. ಸಹಾಯಕ ಶಿಕ್ಷಕರೊಬ್ಬರು ಅವನಿಗೆ ಬಾಯಿಮಾತು ಕಲಿಸಲು ಯತ್ನಿಸಿದರು. ಉಚ್ಚಾರ ತಪ್ಪಿದಾಗ ಒಮ್ಮೆ ಗದ್ದಕ್ಕೆ ಹೊಡೆದರು; ನಾಲಿಗೆ ಹಲ್ಲಿಗೆ ಸಿಕ್ಕಿ ನೋವಾಯಿತು. ಇನ್ನೆಂದೂ ಬಾಯಿಯಿಂದ ಮಾತನಾಡುವುದಿಲ್ಲವೆಂದು ಹುಡುಗ ನಿಶ್ಚಯಿಸಿದನು. ಕಿವುಡ ಶಿಕ್ಷಕ ಜಾನ್ ಮಾಸ್ಸಿಯೂ ಬಳಿ ಕಲಿತು ತಾನೂ ಶಿಕ್ಷಕನಾದನು. ಅಮೆರಿಕದಿಂದ ಬಂದ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ ಎಂಬ ಪ್ರೊಟೆಸ್ಟೆಂಟ್ ಬೋಧಕರ ಆಹ್ವಾನದ ಮೇರೆಗೆ 1816ರಲ್ಲಿ ಕ್ಲೇರ್ ಹಡಗು ಹತ್ತಿದನು. ಪಯಣ 52 ದಿನಗಳದ್ದು. ದಾರಿಯುದ್ದಕ್ಕೂ ಗ್ಯಾಲೊಡೆಟ್ ಅವನಿಂದ ಸನ್ನೆ ಕಲಿತರು, ಅವನು ಅವರಿಂದ ಇಂಗ್ಲಿಷ್ ಬರೆಯಲು ಕಲಿತನು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್ ನಗರದಲ್ಲಿ ಅವರ ಶಾಲೆ ತೆರೆಯಿತು. ಪ್ಯಾರಿಸ್ಸಿನ ಸನ್ನೆಗಳು ಅಮೆರಿಕದ ಕಿವುಡರ ಸನ್ನೆಗಳೊಂದಿಗೆ ಬೆರೆತು ಇಂದಿನ ಅಮೆರಿಕನ್ ಸನ್ನೆಭಾಷೆ ಬೆಳೆಯಿತು. ಕಿವುಡರು ಶಿಕ್ಷಕರಾದರು, ಮುದ್ರಕರಾದರು, ಪತ್ರಿಕೆ ನಡೆಸಿದರು. 1864ರಲ್ಲಿ ವಾಷಿಂಗ್ಟನ್‌ನಲ್ಲಿ ಅವರಿಗಾಗಿಯೇ ಒಂದು ಕಾಲೇಜು ಪದವಿ ನೀಡುವ ಅಧಿಕಾರ ಪಡೆಯಿತು.

ಇಷ್ಟು ಬೆಳೆದ ಮರಕ್ಕೆ ಕೊಡಲಿ ಬಿದ್ದದ್ದು 1880ರ ಸೆಪ್ಟೆಂಬರ್ 6ರಿಂದ 11ರವರೆಗೆ ಮಿಲಾನಿನಲ್ಲಿ ನಡೆದ ಕಿವುಡರ ಶಿಕ್ಷಣ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ. ಪ್ರತಿನಿಧಿಗಳು 164 ಮಂದಿ. ಬಹುಪಾಲು ಇಟಲಿ ಮತ್ತು ಫ್ರಾನ್ಸಿನವರು, ಅವರಲ್ಲಿ ಅನೇಕರು ಗುರುಗಳು, ಧಾರ್ಮಿಕ ಸಭೆಗಳವರು. ಕಿವುಡರ ಇಡೀ ಭವಿಷ್ಯವನ್ನು ನಿರ್ಧರಿಸಿದ ಆ ಸಭೆಯಲ್ಲಿದ್ದ ಕಿವುಡ ಪ್ರತಿನಿಧಿ ಒಬ್ಬರೇ: ಅಮೆರಿಕದ ಶಿಕ್ಷಕ ಜೇಮ್ಸ್ ಡೆನಿಸನ್. ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಸನ್ನೆಗಿಂತ ಮಾತು ನಿರ್ವಿವಾದವಾಗಿ ಶ್ರೇಷ್ಠ ಎಂಬ ಠರಾವು 160 ಮತಗಳಿಂದ ಅಂಗೀಕೃತವಾಯಿತು. ವಿರುದ್ಧ ಬಿದ್ದದ್ದು 4 ಮತ. ಅಮೆರಿಕದಿಂದ ಬಂದವರೂ ಇಂಗ್ಲೆಂಡಿನ ರಿಚರ್ಡ್ ಎಲಿಯಟ್ ಎಂಬ ಶಿಕ್ಷಕರೂ ಎತ್ತಿದ ಆಕ್ಷೇಪಣೆ ಜಯಕಾರದ ಗದ್ದಲದಲ್ಲಿ ಮುಳುಗಿಹೋಯಿತು.

ಅಧ್ಯಕ್ಷರಾಗಿದ್ದ ಗುರು ಜೂಲಿಯೊ ತಾರ್ರಾ ಕ್ರೂರಿಯಾಗಿರಲಿಲ್ಲ. ಮಿಲಾನಿನ ಬಡ ಕಿವುಡ ಮಕ್ಕಳಿಗಾಗಿ ಇಡೀ ಜೀವನವನ್ನೇ ಮುಡಿಪಾಗಿಟ್ಟವರು. ಹಿಂದೆ ತಾವೇ ಸನ್ನೆಗಳಿಂದ ಕಲಿಸುತ್ತಿದ್ದವರು. ಸನ್ನೆಯು ಕಣ್ಣನ್ನೂ ಕಲ್ಪನೆಯನ್ನೂ ಕೆರಳಿಸುತ್ತದೆ, ದೇವರು ಆತ್ಮ ಮುಂತಾದ ಅಮೂರ್ತ ಸತ್ಯಗಳನ್ನು ಮುಟ್ಟಬಲ್ಲುದು ಮಾತು ಮಾತ್ರ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಇತ್ತೀಚೆಗಷ್ಟೇ ಒಂದಾಗಿದ್ದ ಇಟಲಿಗೆ ಒಂದೇ ಭಾಷೆ ಬೇಕೆಂಬ ರಾಷ್ಟ್ರೀಯ ಹುಮ್ಮಸ್ಸೂ ಇದರೊಂದಿಗೆ ಸೇರಿತು. ಮಕ್ಕಳು ಮಾತನಾಡಿದರೆ ಎಲ್ಲರೊಡನೆ ಬೆರೆಯುವರು, ಕೆಲಸ ದೊರಕುವುದು ಎಂಬ ಆಸೆ ತಂದೆತಾಯಿಗಳದ್ದೂ ಆಗಿತ್ತು. ಆ ಆಸೆಯನ್ನು ನಾವು ಹಗುರವಾಗಿ ಕಾಣಬಾರದು. ಇಂದಿಗೂ ಮಗುವಿಗೆ ಕಿವಿ ಕೇಳಿಸದೆಂದು ತಿಳಿದ ದಿನ ಯಾವ ತಾಯಿಯ ಮೊದಲ ಪ್ರಶ್ನೆಯೂ ಅದೇ: 'ಅಮ್ಮಾ' ಎಂದು ಕರೆಯುತ್ತದೆಯೇ?

ಠರಾವಿನ ನಂತರ ನಡೆದದ್ದೇನು? ಯೂರೋಪಿನ ಶಾಲೆಗಳಿಂದ ಸನ್ನೆಯನ್ನು ಹೊರಹಾಕಲಾಯಿತು. ಮಾತು ಕಲಿಸಲು ಕಿವುಡ ಶಿಕ್ಷಕರಿಂದ ಆಗದೆಂಬ ಕಾರಣಕ್ಕೆ ಅವರನ್ನೂ ಹೊರಹಾಕಲಾಯಿತು. ಅಮೆರಿಕದಲ್ಲಿ 1870ರ ಸುಮಾರಿಗೆ ಕಿವುಡರ ಶಾಲೆಗಳ ಶಿಕ್ಷಕರಲ್ಲಿ ಶೇಕಡಾ 40ರಷ್ಟು ಮಂದಿ ಸ್ವತಃ ಕಿವುಡರು. ಮೊದಲ ಮಹಾಯುದ್ಧದ ವೇಳೆಗೆ ಅದು ಶೇಕಡಾ 15ರ ಆಸುಪಾಸಿಗೆ ಇಳಿಯಿತು. ಅನೇಕ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗಳಿಗೆ ಏಟು ಬಿತ್ತು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಿಸಿದರು. ಕೆಲವೆಡೆ ಕಟ್ಟಿಯೂ ಹಾಕಿದರು. ಮಕ್ಕಳು ವರ್ಷಗಟ್ಟಲೆ ಕನ್ನಡಿಯ ಮುಂದೆ ತುಟಿಯ ಕಸರತ್ತು ಮಾಡಿ, ಅಪರಿಚಿತರಿಗೆ ಅರ್ಥವಾಗದ ಕೆಲವು ನೂರು ಪದಗಳೊಂದಿಗೆ ಹೊರಬಂದರು. ಗಣಿತ, ಚರಿತ್ರೆ, ಧರ್ಮೋಪದೇಶಗಳಿಗೆ ಸಮಯ ಉಳಿಯಲಿಲ್ಲ. ಮಾತು ಅಮೂರ್ತ ಸತ್ಯಕ್ಕೆ ಬಾಗಿಲೆಂದು ನಂಬಿದವರು ಮಕ್ಕಳನ್ನು ಆ ಬಾಗಿಲ ಹೊರಗೇ ಕೂರಿಸಿದ್ದರು.

ತುಟಿ ನೋಡಿ ಅರಿಯುವುದು ಎಷ್ಟು ಕಠಿಣವೆಂದು ನೀವೇ ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ 'ಪಟ್ಟೆ', 'ಬಟ್ಟೆ', 'ಮಟ್ಟೆ' ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಬಗೆಯಾಗಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಮುಂತಾದ ಅಕ್ಷರಗಳು ಗಂಟಲಲ್ಲೇ ಹುಟ್ಟಿ ತುಟಿಗೆ ಬರುವುದೇ ಇಲ್ಲ. ಮೀಸೆಯಿದ್ದರೆ, ಮುಖ ತಿರುಗಿಸಿದರೆ, ಬೆಳಕು ಹಿಂದಿನಿಂದ ಬಿದ್ದರೆ ಮುಗಿಯಿತು. ಭಾಷೆಯನ್ನು ಮೊದಲೇ ಬಲ್ಲವರಿಗೆ ಸಂದರ್ಭದಿಂದ ಊಹಿಸಲು ಅದು ನೆರವಾದೀತು. ಭಾಷೆಯನ್ನೇ ಅದರಿಂದ ಕಲಿಯಬೇಕೆಂದರೆ ಹೇಗೆ?

ಆದರೆ ಸನ್ನೆಭಾಷೆ ಸಾಯಲಿಲ್ಲ. ಶಾಲೆಯ ದೀಪ ಆರಿದ ಮೇಲೆ ವಸತಿನಿಲಯಗಳಲ್ಲಿ, ಆಟದ ಬಯಲಿನ ಮೂಲೆಗಳಲ್ಲಿ ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಅದು ದಾಟುತ್ತ ಬಂತು. ಅಮೆರಿಕದ ಕಿವುಡರು ಮಿಲಾನ್ ಸಮ್ಮೇಳನದ ವರ್ಷವೇ ತಮ್ಮ ರಾಷ್ಟ್ರೀಯ ಸಂಘ ಕಟ್ಟಿದರು. ತಮ್ಮ ಭಾಷೆ ಅಳಿದೀತೆಂಬ ಭಯದಿಂದ, ಆಗಷ್ಟೇ ಬಂದಿದ್ದ ಚಲನಚಿತ್ರದ ಸುರುಳಿಗಳಲ್ಲಿ ಹಿರಿಯರ ಸನ್ನೆಭಾಷಣಗಳನ್ನು ಸೆರೆಹಿಡಿದರು. ಮೂಕಿಚಿತ್ರಗಳ ಆ ಯುಗದಲ್ಲಿ, 1913ರಲ್ಲಿ ಜಾರ್ಜ್ ವೆಡಿಟ್ಜ್ ಎಂಬವರು ಮಾಡಿದ ಭಾಷಣ ಇಂದಿಗೂ ಉಳಿದಿದೆ. ನಂತರ 1960ರಲ್ಲಿ, ವಾಷಿಂಗ್ಟನ್ನಿನ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಲಿಯಂ ಸ್ಟೋಕಿ, ಕಿವುಡರ ಸನ್ನೆಗಳಿಗೆ ಮಾತಿನ ಭಾಷೆಗಳಿಗಿರುವಂಥ ರಚನಾನಿಯಮಗಳಿವೆ ಎಂದು ಪ್ರಬಂಧ ಬರೆದು ತೋರಿಸಿದರು. ಸಹೋದ್ಯೋಗಿಗಳೇ ನಕ್ಕರು. ಇಂದು ಭಾಷಾವಿಜ್ಞಾನಿಗಳಲ್ಲಿ ಆ ಬಗ್ಗೆ ಸಂದೇಹವಿಲ್ಲ. 2010ರ ಜುಲೈಯಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಅದೇ ಸಮ್ಮೇಳನ ಮಾಲೆಯ ಸಭೆಯು ಮಿಲಾನಿನ ಠರಾವುಗಳನ್ನು ತಿರಸ್ಕರಿಸಿ, ಅವುಗಳಿಂದಾದ ಹಾನಿಗೆ ವಿಷಾದ ವ್ಯಕ್ತಪಡಿಸಿತು. 130 ವರ್ಷಗಳಾಗಿದ್ದವು.

ಇದು ಹೊರದೇಶದ ಕತೆಯೆಂದು ನೀವು ಭಾವಿಸಬಹುದು. ನಮ್ಮ ದೇಶಕ್ಕೂ ಅದರ ಬೇರು ಬಂದಿದೆ. ಕಿವುಡ ಮಕ್ಕಳಿಗಾಗಿ ಭಾರತದ ಆರಂಭದ ಶಾಲೆಗಳಲ್ಲಿ ಪ್ರಮುಖವಾದುದನ್ನು ಮುಂಬಯಿಯಲ್ಲಿ 1880ರ ದಶಕದ ಮಧ್ಯಭಾಗದಲ್ಲಿ ತೆರೆದವರು ಯೇಸುಸಭೆಯ ಧರ್ಮಾಧ್ಯಕ್ಷ ಲಿಯೋ ಮೇರಿನ್. 1893ರಲ್ಲಿ ಕಲ್ಕತ್ತೆಯಲ್ಲಿ ಒಂದು ಶಾಲೆ ಆರಂಭವಾಯಿತು. 1897ರಲ್ಲಿ ತಮಿಳುನಾಡಿನ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಿಷನರಿ ಮಹಿಳೆ ಮತ್ತೊಂದನ್ನು ತೆರೆದರು. ಕಿವುಡ ಮಗುವನ್ನು ಪೂರ್ವಜನ್ಮದ ಫಲವೆಂದೋ ಮನೆಯ ಅವಮಾನವೆಂದೋ ಬಚ್ಚಿಡುತ್ತಿದ್ದ ಕಾಲದಲ್ಲಿ ಈ ಶಾಲೆಗಳು ಮಾಡಿದ ಸೇವೆ ಸಣ್ಣದಲ್ಲ. ಆದರೆ ಇವು ಹುಟ್ಟಿದ್ದು ಮಿಲಾನಿನ ನೆರಳಿನಲ್ಲಿ. ನಮ್ಮ ದೇಶದ ಹೆಚ್ಚಿನ ಶಾಲೆಗಳು ಬಾಯಿಮಾತಿನ ವಿಧಾನವನ್ನೇ ಆದರ್ಶವೆಂದು ಹಿಡಿದವು, ಮತ್ತು ತರಗತಿಯ ಹೊರಗೆ ಮಕ್ಕಳು ಪ್ಯಾರಿಸ್ಸಿನ ಮಕ್ಕಳಂತೆಯೇ ತಮ್ಮ ಕೈಮಾತನ್ನು ಬೆಳೆಸಿಕೊಂಡರು.

ಆ ಕೈಮಾತನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಒಬ್ಬರು ಮದನ್ ವಸಿಷ್ಠ. ಹಿಮಾಚಲದ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿ ಕಿವುಡರಾಗಿ, ಅಮೆರಿಕಕ್ಕೆ ಹೋಗಿ ವಿದ್ವಾಂಸರಾದವರು. 1970ರ ದಶಕದ ಕೊನೆಯಲ್ಲಿ ಅವರು ಇಬ್ಬರು ಭಾಷಾವಿಜ್ಞಾನಿಗಳೊಂದಿಗೆ ದೆಹಲಿ, ಕಲ್ಕತ್ತ, ಮುಂಬಯಿ ಮತ್ತು ಬೆಂಗಳೂರಿನ ಕಿವುಡರ ಸನ್ನೆಗಳನ್ನು ಸಂಗ್ರಹಿಸಿ ಹೋಲಿಸಿದರು. ಮಾತಿನಲ್ಲಿ ಪರಸ್ಪರ ಅರ್ಥವಾಗದ ಈ ನಾಲ್ಕು ಊರುಗಳ ಸನ್ನೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಸಂಬಂಧವುಳ್ಳವಾಗಿದ್ದವು. ಬೆಂಗಳೂರಿನ ಕಿವುಡನು ಕಲ್ಕತ್ತೆಯ ಕಿವುಡನೊಂದಿಗೆ ದುಭಾಷಿಯಿಲ್ಲದೆ ಹರಟಬಲ್ಲನು. ನಾವು ನೀವು ಹಾಗೆ ಮಾಡಲಾರೆವು. ಭಾಷೆಯ ಹೆಸರಿನಲ್ಲಿ ಜಗಳವಾಡುವ ದೇಶದಲ್ಲಿ ಇದು ಸ್ವಲ್ಪ ನಗು ತರಿಸುವ ಸಂಗತಿ.

2011ರ ಜನಗಣತಿಯಂತೆ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. 2015ರಲ್ಲಿ ಭಾರತೀಯ ಸನ್ನೆಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು ದೆಹಲಿಯಲ್ಲಿ ಸ್ಥಾಪಿತವಾಯಿತು. 2018ರಲ್ಲಿ 3,000 ಪದಗಳ ಸನ್ನೆಕೋಶವೊಂದನ್ನು ಹೊರತಂದ ಆ ಕೇಂದ್ರ, 2021ರ ವೇಳೆಗೆ ಅದನ್ನು 10,000ಕ್ಕೆ ಬೆಳೆಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸನ್ನೆಭಾಷೆಯನ್ನು ಸಂವಹನ ಮಾಧ್ಯಮವೆಂದು ಒಪ್ಪಿಕೊಂಡಿತು.

ಹಾಗೆಂದು ಮಾತು ಕಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಎಳೆಯ ಮಕ್ಕಳಿಗೆ ದೊರೆಯುವ ಪರೀಕ್ಷೆ, ಶ್ರವಣ ಯಂತ್ರ, ವಾಕ್ ತರಬೇತಿಗಳು ಅನೇಕ ಮನೆಗಳಿಗೆ ಬೆಳಕಾಗಿವೆ. ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಾಧನದಿಂದ ಚೆನ್ನಾಗಿ ಮಾತು ಕಲಿತ ಮಕ್ಕಳಿದ್ದಾರೆ. ಎಲ್ಲ ಮಕ್ಕಳಿಗೂ ಅದು ಒಂದೇ ಫಲ ಕೊಡುವುದಿಲ್ಲ ಎಂಬುದೂ ನಿಜ. ಕಿವಿ ಕೇಳಿಸೀತೇ ಎಂದು ವರ್ಷಗಳ ಕಾಲ ಕಾಯುತ್ತಾ, ಅದುವರೆಗೆ ಮಗುವಿಗೆ ಯಾವ ಭಾಷೆಯನ್ನೂ ಕೊಡದಿರುವುದೇ ಅಪಾಯ. ಮಗುವಿನ ಮಿದುಳು ಭಾಷೆಗಾಗಿ ಹಸಿದಿರುವುದು ಮೊದಲ ಕೆಲವು ವರ್ಷಗಳಲ್ಲಿ. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೆ. ಅಂಥ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರೂ ನಗುತ್ತಾರೆ. ಏನೆಂದು ಆ ಮಗು ಕೇಳಿದರೆ 'ಆಮೇಲೆ ಹೇಳುತ್ತೇವೆ' ಎನ್ನುತ್ತಾರೆ. ಆ 'ಆಮೇಲೆ' ಬರುವುದೇ ಇಲ್ಲವೆಂದು ಕಿವುಡರು ನಾನಾ ದೇಶಗಳ ತಮ್ಮ ಆತ್ಮಕಥನಗಳಲ್ಲಿ ಹೇಳಿಕೊಂಡಿದ್ದಾರೆ. ನೀವು ಅಜ್ಜಿಯೋ ಚಿಕ್ಕಪ್ಪನೋ ಆಗಿದ್ದರೆ ನೂರು ಸನ್ನೆಗಳನ್ನು ಕಲಿಯಲು ನಿಮಗೆ ಒಂದು ಮಳೆಗಾಲ ಸಾಕು.

ಉದ್ಯೋಗದ ಲೋಕದಲ್ಲಿ ಮಿಲಾನಿನ ನೆರಳು ಇನ್ನೂ ದಟ್ಟವಾಗಿದೆ. ಕಿವುಡರಿಗೆ ಬೈಂಡಿಂಗ್, ಹೊಲಿಗೆ, ಅಡುಗೆಮನೆಯ ಕೆಲಸ ಸಾಕೆಂದು ತೀರ್ಮಾನಿಸುವವರು ಅನೇಕ. ಬೆಂಗಳೂರಿನ ಸಾರಾ ಸನ್ನಿ 2021ರಲ್ಲಿ ವಕೀಲೆಯಾಗಿ ನೋಂದಾಯಿಸಿಕೊಂಡರು. ಮಾತಿನ ಮೇಲೆಯೇ ನಿಂತಿರುವ ವೃತ್ತಿಯದು. 2023ರ ಸೆಪ್ಟೆಂಬರಿನಲ್ಲಿ ಅವರು ಸನ್ನೆಭಾಷಾ ದುಭಾಷಿಯ ಮೂಲಕ ಸರ್ವೋಚ್ಚ ನ್ಯಾಯಾಲಯದ ಕಲಾಪದಲ್ಲಿ ಪಾಲ್ಗೊಂಡರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅದೇ ರೀತಿ ವಾದ ಮಂಡಿಸಿದರು; ಕಿವುಡ ವಕೀಲರೊಬ್ಬರ ವಾದವನ್ನು ಆಲಿಸಿದ ದೇಶದ ಮೊದಲ ಉಚ್ಚ ನ್ಯಾಯಾಲಯ ನಮ್ಮದಾಯಿತು. ಇಲ್ಲಿ ಬದಲಾದದ್ದು ವಕೀಲೆಯ ಕಿವಿಯಲ್ಲ, ನ್ಯಾಯಾಲಯದ ಏರ್ಪಾಡು. ಬೇಕಾದದ್ದು ಒಬ್ಬ ದುಭಾಷಿ ಮತ್ತು ಒಪ್ಪಿಗೆ.

ಇನ್ನು ನಮ್ಮ ದೇವಾಲಯಗಳ ಮಾತು. ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಕಿವುಡನನ್ನು ಪ್ರಭುವಿನ ಬಳಿಗೆ ಕರೆತಂದವರು ಅವನ ಪರವಾಗಿ ತಾವೇ ಬೇಡಿಕೊಂಡರು. ಪ್ರಭುವಾದರೋ ಅವನನ್ನು ಜನಸಂದಣಿಯಿಂದ ಬೇರೆಯಾಗಿ ಕರೆದೊಯ್ದು, ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿ, ಆಕಾಶದತ್ತ ಕಣ್ಣೆತ್ತಿದರು. 'ಎಫ್ಫಥಾ' ಎಂಬ ಪದ ಬರುವುದು ಅನಂತರ. ಅದಕ್ಕೆ ಮುನ್ನ ನಡೆದದ್ದೆಲ್ಲ ಕಿವುಡನಿಗೆ ಅರ್ಥವಾಗುವ ಭಾಷೆಯಲ್ಲಿ, ಕಣ್ಣಿಗೂ ಚರ್ಮಕ್ಕೂ ನಡೆಯಿತು. ನಮ್ಮ ಜ್ಞಾನಸ್ನಾನದ ವಿಧಿಯಲ್ಲಿ ಈ ಸ್ಪರ್ಶ ಇಂದಿಗೂ ಉಳಿದಿದೆ. ನಿಮ್ಮ ಮಕ್ಕಳ ಕಿವಿ ಬಾಯಿಗಳನ್ನು ಗುರುಗಳು ಮುಟ್ಟಿದ್ದನ್ನು ನೀವು ನೋಡಿದ್ದೀರಿ.

ಧರ್ಮಸಭೆಯ ಕಾನೂನು ಈಗ ನಮ್ಮ ರೂಢಿಗಿಂತ ಮುಂದಿದೆ. 1965ರಲ್ಲಿ ಪೂಜಾವಿಧಿಗಳಲ್ಲಿ ಸನ್ನೆಭಾಷೆಗೆ ಅನುಮತಿ ದೊರೆಯಿತು. 1983ರ ಧರ್ಮಸಭಾ ಕಾನೂನಿನ 990ನೆಯ ವಿಧಿಯಂತೆ ದುಭಾಷಿಯ ಮೂಲಕ ಪಾಪನಿವೇದನೆ ಮಾಡಬಹುದು. ಆ ದುಭಾಷಿಯೂ ಗುಟ್ಟಿಗೆ ಬದ್ಧನು. 1104ನೆಯ ವಿಧಿಯಂತೆ ಮಾತನಾಡಲಾರದ ವಧೂವರರು ಸನ್ನೆಯಿಂದ ವಿವಾಹದ ಒಪ್ಪಿಗೆ ನೀಡಿದರೆ ಅದು ಪೂರ್ಣ ಒಪ್ಪಿಗೆ. ನಮ್ಮಲ್ಲಿ ಎಷ್ಟು ಕುಟುಂಬಗಳಿಗೆ ಇದು ಗೊತ್ತು? ಕಿವುಡ ಮಗನ ಪಾಪನಿವೇದನೆಯನ್ನು ತಾಯಿಯೇ ಊಹಿಸಿ ಹೇಳುವ ಅಭ್ಯಾಸ ಎಲ್ಲಿಯಾದರೂ ಇದ್ದರೆ ಅದು ಜೆಕರೀಯನ ಬಂಧುಗಳ ಅಭ್ಯಾಸವೇ. ದುಭಾಷಿಯೊಬ್ಬರು ದೊರೆತರೆ ಅವರನ್ನು ಬಲಿಪೀಠದ ಪಕ್ಕದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲಿಸಿ, ಕಿವುಡರಿಗೆ ಅವರೆದುರಿನ ಮೊದಲ ಸಾಲನ್ನು ಬಿಟ್ಟುಕೊಡಬೇಕು. ಕಂಬದ ಮರೆಯಲ್ಲಿ ನಿಲ್ಲಿಸಿದರೆ ಪ್ರಯೋಜನವಿಲ್ಲ.

ಬಹುಕಾಲ ಕಿವುಡರಿಗೆ ಯಾಜಕತ್ವದ ದಾರಿ ಮುಚ್ಚಿತ್ತು. 1917ರ ಕಾನೂನು ಸೇವೆಗೆ ಅಡ್ಡಿಯಾಗುವ ದೇಹದೋಷಗಳನ್ನು ಯಾಜಕದೀಕ್ಷೆಗೆ ತಡೆಯೆಂದು ಎಣಿಸಿತ್ತು. 1983ರ ಕಾನೂನಿನಲ್ಲಿ ಆ ತಡೆ ಇಲ್ಲ. ದಕ್ಷಿಣ ಆಫ್ರಿಕದ ಸಿರಿಲ್ ಆಕ್ಸೆಲ್‌ರಾಡ್ 1970ರಲ್ಲಿ ಗುರುಗಳಾದರು. ಹುಟ್ಟು ಕಿವುಡರಾದ ಅವರು ಮುಂದೆ ದೃಷ್ಟಿಯನ್ನೂ ಕಳೆದುಕೊಂಡು, ಕೈಯಿಂದ ಕೈಗೆ ಮುಟ್ಟಿಸಿ ಆಡುವ ಭಾಷೆಯಲ್ಲಿ ಸೇವೆ ಮುಂದುವರಿಸಿದರು. ಅಮೆರಿಕದಲ್ಲಿ ಥಾಮಸ್ ಕಾಫ್ಲಿನ್ 1977ರಲ್ಲಿ ದೀಕ್ಷೆ ಪಡೆದರು. ಭಾರತ 2024ರವರೆಗೆ ಕಾಯಿತು. ಆ ವರ್ಷದ ಮೇ 2ರಂದು ಕೇರಳದ ತ್ರಿಶ್ಶೂರಿನ ವ್ಯಾಕುಲಮಾತೆಯ ಬಸಿಲಿಕದಲ್ಲಿ ಮಹಾಧರ್ಮಾಧ್ಯಕ್ಷ ಆ್ಯಂಡ್ರೂಸ್ ತಾಳತ್ತ್ ಅವರು ಪವಿತ್ರ ಶಿಲುಬೆಯ ಸಭೆಯ ಜೋಸೆಫ್ ತೇರ್ಮಠಂ ಅವರಿಗೆ ಯಾಜಕದೀಕ್ಷೆ ನೀಡಿದರು. ದೇಶದ ಮೊದಲ ಕಿವುಡ ಗುರುಗಳು ಅವರು. ಬಲಿಪೂಜೆಯನ್ನು ಅವರು ಅರ್ಪಿಸುವುದು ಸನ್ನೆಭಾಷೆಯಲ್ಲಿ.